ಸೋಮವಾರದ ಬುತ್ತಿ

ನನ್ನ ಮಗ ತೀರಿಕೊಂಡಾಗ ಅವನಿಗೆ ಇಪ್ಪತ್ತೇಳು. ಊರವರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದು ಹೇಳಿದೆವು. ಈಗೀಗ ಆ ವಯಸ್ಸಿಗೂ ಹಾಗಾಗುತ್ತದೆ ಎಂದು ಜನ ನಂಬುತ್ತಾರೆ. ಯಾರೂ ಹೆಚ್ಚು ಕೇಳಲಿಲ್ಲ. ನಿಜ ಗೊತ್ತಿದ್ದವರಂತೂ ಏನೂ ಕೇಳಲಿಲ್ಲ.

ನಾನು ಬಸವಕಲ್ಯಾಣ ತಾಲ್ಲೂಕಿನಲ್ಲಿ ಮೂವತ್ತು ವರ್ಷ ದನದ ದವಾಖಾನೆಯ ಕಂಪೌಂಡರ್ ಆಗಿದ್ದವನು. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೂ, ಹಸಿ ಜೋಳ ಮೇಯ್ದು ಎತ್ತಿನ ಹೊಟ್ಟೆ ಉಬ್ಬಿದರೂ ಔಷಧದ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಹೊರಡುತ್ತಿದ್ದೆ. ನಮಗೆ ಇಬ್ಬರು ಮಕ್ಕಳು. ಮಗಳನ್ನು ಹುಲಸೂರಿಗೆ ಕೊಟ್ಟೆವು. ಮಗನಿಗೆ ಓದು ಹತ್ತಲಿಲ್ಲ. ಹುಮನಾಬಾದಿನಲ್ಲಿ ಒಬ್ಬರ ಲಾರಿಗೆ ಕ್ಲೀನರ್ ಆಗಿ ಸೇರಿ, ಇಪ್ಪತ್ತೆರಡಕ್ಕೆ ತಾನೇ ಸ್ಟೇರಿಂಗ್ ಹಿಡಿದ. ಮುಂಬೈಗೆ ಹೋದರೆ ಬರುವಾಗ ಸೋಲಾಪುರದ ಚಾದರ ತರುತ್ತಿದ್ದ, ನಾಸಿಕದ ಕಡೆ ಹೋದರೆ ದ್ರಾಕ್ಷಿ. ಅವನ ತಾಯಿ ಆ ದ್ರಾಕ್ಷಿಯನ್ನು ಓಣಿಗೆಲ್ಲ ಹಂಚಿ, "ನಮ್ಮ ಡ್ರೈವರ್ ಸಾಹೇಬ್ರು ತಂದಾರ್ರಿ" ಎಂದು ಹೇಳಿಕೊಂಡು ಬರುತ್ತಿದ್ದಳು.

ನಿದ್ದೆ ಬಾರದಂತೆ ಡ್ರೈವರುಗಳು ನುಂಗುವ ಗುಳಿಗೆಯನ್ನು ಮೊದಲ ಸಲ ಅವನ ಅಂಗಿಯ ಜೇಬಿನಲ್ಲಿ ಕಂಡಾಗ ನಾನು ಕೇಳಿದ್ದೆ.

"ಎಲ್ಲಾ ಡ್ರೈವರ್‌ಗೋಳು ತೊಗೋತಾರ ಅಪ್ಪಾ. ಚಾ ಇದ್ದಂಗ" ಎಂದ.

ನಾನು ಅಷ್ಟಕ್ಕೇ ಬಿಟ್ಟೆ. ಆಮೇಲೆ ಅವನು ಲಾರಿಯಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ನೋವಿಗೆಂದು ಬರೆದುಕೊಟ್ಟ ಔಷಧ ನೋವು ಹೋದ ಮೇಲೂ ನಿಲ್ಲಲಿಲ್ಲ. ಮನೆಗೆ ಬಂದರೆ ಎರಡೆರಡು ದಿನ ಮಲಗಿಯೇ ಇರುತ್ತಿದ್ದ. ದಣಿದಿದ್ದಾನೆ ಎಂದು ಅವನ ತಾಯಿ ನಾವು ಗಟ್ಟಿಯಾಗಿ ಮಾತಾಡದಂತೆ ನೋಡಿಕೊಳ್ಳುತ್ತಿದ್ದಳು. ದನದ ಕಣ್ಣು ನೋಡಿಯೇ ಜ್ವರ ಹೇಳುತ್ತಿದ್ದ ನಾನು ಮಗನ ಕಣ್ಣನ್ನು ನೋಡಲೇ ಇಲ್ಲ.

ನನಗೆ ತಿಳಿದದ್ದು ಕೊಹಿನೂರು ಹಳ್ಳಿಯ ಒಂದು ಹೊಲದಲ್ಲಿ. ತಂತಿಬೇಲಿಗೆ ಸಿಕ್ಕು ಎತ್ತಿನ ಪಕ್ಕೆ ಗೇಣುದ್ದ ಹರಿದಿತ್ತು. ಹೊಲಿಗೆ ಹಾಕುವ ಮೊದಲು ನೋವಿನ ಇಂಜೆಕ್ಷನ್ ಕೊಡಬೇಕೆಂದು ಚೀಲ ತೆರೆದರೆ ಒಂದು ಬಾಟಲಿಯೂ ಇಲ್ಲ. ಹಿಂದಿನ ದಿನ ನಾನೇ ಇಟ್ಟಿದ್ದೆ. ರೈತ ಎತ್ತಿನ ಕೊಂಬು ಹಿಡಿದು, "ಏನಾತ್ರಿ?" ಎಂದು ಕೇಳುತ್ತಲೇ ಇದ್ದ. ನಾನು ಎತ್ತನ್ನು ಕೆಡವಿ, ನಾಲ್ಕು ಜನರಿಂದ ಹಿಡಿಸಿ, ಹಾಗೆಯೇ ಹೊಲಿದೆ. ಒಂದೊಂದು ಹೊಲಿಗೆಗೂ ಅದು ನರಳಿತು.

ಮನೆಗೆ ಬಂದು ಮಗನ ಮುಂದೆ ಔಷಧದ ಚೀಲ ಸುರುವಿದೆ.

"ಅಪ್ಪಾ, ಮೆಲ್ಲಕ ಮಾತಾಡ್ರಿ. ಅವ್ವಗ ಕೇಳ್ತದ" ಎಂದ. ಇಲ್ಲ ಎನ್ನಲಿಲ್ಲ. ಸುಳ್ಳನ್ನಾದರೂ ಹೇಳಬಾರದೇ ಎಂದು ಆಗ ನನಗೆ ಅನಿಸಿತು.

ಕಲಬುರಗಿಯಲ್ಲಿ ನಶೆ ಬಿಡಿಸುವ ಒಂದು ಕಡೆ ಸೇರಿಸಿದೆವು. ನೆಂಟರಿಗೆ, ಹೊಸ ಲಾರಿ ಸಿಕ್ಕಿದೆ, ಗುಜರಾತಿನ ಲೈನು ಎಂದೆವು. ಮೂರು ತಿಂಗಳಿಗೆ ಮೈ ತುಂಬಿಕೊಂಡು ಬಂದ. ಅವನ ನಗು ವಾಪಸ್ ಬಂದಿತ್ತು. ಲಾರಿ ಬೇಡ ಎಂದು ನಾನೇ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿಗೆ ಕರೆದೊಯ್ಯುತ್ತಿದ್ದೆ. ಮೋರಖಂಡಿಯಲ್ಲಿ ಒಂದು ಎಮ್ಮೆ ಈಯಲಾರದೆ ಬಿದ್ದಿದ್ದಾಗ ನನ್ನ ಕೈಗೆ ಬಲ ಸಾಲಲಿಲ್ಲ. ಅವನೇ ತೋಳಿನವರೆಗೆ ಎಣ್ಣೆ ಹಚ್ಚಿಕೊಂಡು, ನಾನು ಹೇಳಿದಂತೆ ಕರುವಿನ ಕಾಲು ಹುಡುಕಿ ಎಳೆದ. ಕರು ಬದುಕಿತು. ಮನೆಯ ಯಜಮಾನಿ ಅವನಿಗೆ ಹೊಸ ಟವೆಲ್ ಹೊದಿಸಿ, "ಮುತ್ತಿನಂಥಾ ಮಗನ ಹಡದೀರಿ" ಎಂದಳು. ದಾರಿಯುದ್ದಕ್ಕೂ ಅವನು ಆ ಟವೆಲನ್ನು ಹೆಗಲಿನಿಂದ ತೆಗೆಯಲಿಲ್ಲ.

ಇಂಥ ದಿನಗಳು ಏಳು ತಿಂಗಳು. ಎಂಟನೆಯ ತಿಂಗಳಲ್ಲಿ ಒಂದು ದಿನ, ನಾನು ಔಷಧದ ಚೀಲಕ್ಕೆ ಹಾಕುತ್ತಿದ್ದ ಕೀಲಿ ಮುರಿದಿತ್ತು.

ಹಿತ ಹೇಳುವವರು ಹೇಳಿದ್ದರು, ಕನಿಕರ ತೋರಿಸಿದಷ್ಟೂ ಇಂಥವರು ಕೆಡುತ್ತಾರೆ ಎಂದು. ನಾನು ಬಾಗಿಲಲ್ಲಿ ನಿಂತು, "ಅದನ್ನ ಬಿಡೂತನಕ ಈ ಹೊಸ್ತಿಲಾ ತುಳಿಬ್ಯಾಡ" ಎಂದೆ. ಅವನ ತಾಯಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಅವನು ಚಪ್ಪಲಿ ಮೆಟ್ಟಿಕೊಂಡು, "ಆಯ್ತ್ರಿ" ಎಂದು ಹೊರಟುಹೋದ. ಹುಮನಾಬಾದಿನಲ್ಲಿ ಲಾರಿ ನಿಲ್ಲುವ ಕಡೆ ಇದ್ದಾನೆಂದು ಸುದ್ದಿ ಬರುತ್ತಿತ್ತು. ಆಗಾಗ ಫೋನ್ ಮಾಡುತ್ತಿದ್ದ. ಅವನ ಹೆಸರು ಕಂಡರೆ ಫೋನನ್ನು ಮಗುಚಿ ಇಡುತ್ತಿದ್ದೆ. ಇನ್ನು ಸ್ವಲ್ಪ ದಿನ ಕಲ್ಲಾಗಿದ್ದರೆ ತಾನೇ ದಾರಿಗೆ ಬರುತ್ತಾನೆ ಅಂದುಕೊಂಡಿದ್ದೆ. ಹೀಗೆ ಮೂರು ತಿಂಗಳು ಕಳೆಯಿತು.

ಒಂದು ಗುರುವಾರ ಬೆಳಿಗ್ಗೆ ನಾನು ನಾಷ್ಟಾ ಮಾಡುತ್ತಿದ್ದೆ. ಅವನ ಹೆಸರು ಬಂತು. ಮಗುಚಿ ಇಟ್ಟೆ. ಮತ್ತೆ ಬಂತು. ಮೂರನೆಯ ಸಲ ಅವನ ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ಎತ್ತಿಕೊಂಡಳು. ಆ ಕಡೆ ಮಾತಾಡುತ್ತಿದ್ದವನು ನಮ್ಮ ಮಗನಲ್ಲ. ಹೆದ್ದಾರಿಯ ಪಕ್ಕದ ಟೈರ್ ಅಂಗಡಿಯ ಮಾಲೀಕ. ನಿಂತಿದ್ದ ಒಂದು ಲಾರಿಯ ಕ್ಯಾಬಿನ್ನಿನಲ್ಲಿ ಮಲಗಿದ್ದವನನ್ನು ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತಂತೆ. ನಶೆಯ ಔಷಧ ಹೆಚ್ಚಾಗಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಮಣ್ಣು ಮಾಡಿ ಬಂದ ಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಫೋನ್ ಎತ್ತದ ತಂದೆಗೆ ಅದು ತಕ್ಕ ಶಿಕ್ಷೆ ಎಂದು ನಾನೂ ಸುಮ್ಮನಿದ್ದೆ.

ಒಂದೂವರೆ ತಿಂಗಳ ಮೇಲೆ ಅವನ ಬಟ್ಟೆಬರೆ ತರಲು ಹುಮನಾಬಾದಿಗೆ ಹೋದೆ. ಟೈರ್ ಅಂಗಡಿಯವರು ನನ್ನದೇ ವಯಸ್ಸಿನ ಮುಸಲ್ಮಾನರು. ಪಂಕ್ಚರ್ ಹಾಕುವುದನ್ನು ನಿಲ್ಲಿಸಿ, ಕೈ ತೊಳೆದು ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು.

"ಬಹಳ ಶರೀಫ್, ಬಹಳ ಒಳ್ಳೆಯವ ಇದ್ದ ಭಾಯಿ ನಿಮ್ಮ ಮಗ. ಅದೊಂದು ಪೀಡಾ ಬೆನ್ನ ಹತ್ತಿತ್ತು, ಅಷ್ಟೇ" ಎಂದರು. ಆಮೇಲೆ ಕೇಳಿದರು, "ಅವನ ಅಮ್ಮಾರು ಹ್ಯಾಂಗ ಇದ್ದಾರ್ರಿ? ಪ್ರತಿ ಸೋಮವಾರ ಬಂದು ಇಲ್ಲೇ ಮಗನ ಜೋಡಿ ಕೂಡ್ತಿದ್ರು. ಈಗ ಸೋಮವಾರ ಬಂತಂದ್ರ ನನಗ ಈ ಬೆಂಚ್ ನೋಡಲಾಕ ಆಗಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಹುಮನಾಬಾದಿನ ವೀರಭದ್ರ ದೇವರಿಗೆ ಹರಕೆ ಇದೆ ಎಂದು ಅವಳು ಆ ಮೂರು ತಿಂಗಳೂ ಸೋಮವಾರ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಳು. ಬುತ್ತಿ ಯಾಕೆ ಎಂದು ಕೇಳಿದರೆ ಉಪವಾಸ ಬಿಡಲಿಕ್ಕೆ ಎನ್ನುತ್ತಿದ್ದಳು.

ಬಸ್ಸಿನಲ್ಲಿ ಬರುವಾಗ ಮೊದಲು ಬಂದದ್ದು ಸಿಟ್ಟು. ನಾನು ಬಾಗಿಲು ಹಾಕಿದರೆ ಇವಳು ಕಿಟಕಿ ತೆಗೆದಿದ್ದಳಲ್ಲ, ಅದಕ್ಕೇ ಅವನು ಬಿಡಲಿಲ್ಲ ಎನಿಸಿತು. ಬಸ್ಸು ರಾಜೇಶ್ವರ ಊರು ದಾಟುವಷ್ಟರಲ್ಲಿ ಆ ಸಿಟ್ಟು ಎಲ್ಲಿ ಹೋಯಿತೋ. ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಸಾಯುವ ಮೂರು ದಿನ ಮೊದಲು ಅವನು ತಾಯಿಯ ಕೈಯ ರೊಟ್ಟಿ ತಿಂದಿದ್ದ.

ಅಂದೇ ಕೇಳಲು ಬಾಯಿ ಬರಲಿಲ್ಲ. ನಾಲ್ಕು ದಿನದ ಮೇಲೆ ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಾಗ ಹೋಗಿ ಎದುರು ಕೂತೆ.

"ಏನ್ ಒಯ್ತಿದ್ದಿ ಅವಗ?"

ಅವಳು ಮೊರ ನಿಲ್ಲಿಸಿದಳು. ತಲೆ ಎತ್ತದೆ ಹೇಳಿದಳು, "ಜ್ವಾಳದ ರೊಟ್ಟಿ, ಪುಂಡಿಪಲ್ಯ. ಶೇಂಗಾ ಹಿಂಡಿ. ಕಡೀ ಸಲ ಹೋಳಗಿ."

"ತಿಂತಿದ್ದನೇನು?"

"ಮೊದಲ ತಿಂತಿದ್ದ. ಕಡೀಗ ಅರ್ಧಾ ರೊಟ್ಟಿನೂ ಹೋಗ್ತಿರಲಿಲ್ಲ. ನಾ ಮುರದು ಬಾಯಾಗ ಇಡ್ತಿದ್ದೆ."

"ನನ್ನ ಮ್ಯಾಲ ಸಿಟ್ಟಿತ್ತೇನು ಅವಗ?"

ಅವಳು ತೊಗರಿಯೊಳಗಿನ ಒಂದು ಕಲ್ಲು ಹೆಕ್ಕಿ ಎಸೆದಳು. "ಇಲ್ರಿ. ಅಪ್ಪನ ಮೊಣಕಾಲ ನೋವು ಹ್ಯಾಂಗದ ಅಂತ ಕೇಳ್ತಿದ್ದ. ನಿಮಗ ಹೇಳಬೇಕಂತ ಬರ್ತಿದ್ದೆ. ನಿಮ್ಮ ಮಾರಿ ನೋಡಿ ಅಂಜಿಕಿ ಬರ್ತಿತ್ತು. ಹೇಳಿದ್ರ ನನ್ನೂ ಕಳಸಂಗಿಲ್ಲ ಅಂತ." ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಅಳತೊಡಗಿದಳು. "ನಾ ಹೇಳಬೇಕಾಗಿತ್ರಿ. ನಾ ಹೇಳಿದ್ರ ನೀವೊಂದ್ಸಲಾ ಬರ್ತಿದ್ರೇನೋ."

ಹೋಗುತ್ತಿದ್ದೆನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅಂದು ಮಾತ್ರ, "ಬರ್ತಿದ್ದೆ" ಎಂದೆ. ಅವಳಿಗೆ ಆ ಮಾತು ಬೇಕಾಗಿತ್ತು.

ಅಂದಿನಿಂದ ನಾವು ಮಾತಾಡುತ್ತೇವೆ. ಹೋದ ತಿಂಗಳು ಹುಲಸೂರಿನಲ್ಲಿ ಮಗಳ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಾಗ ಗುರುತಿಲ್ಲದ ಒಬ್ಬ ಹೆಂಗಸು ನನ್ನ ಹೆಂಡತಿಯ ಪಕ್ಕ ಕೂತು, "ಮಗಾ ಹ್ಯಾಂಗ ತೀರಿದನ್ರಿ, ಅಷ್ಟು ಸಣ್ಣ ವಯಸ್ಸಿನ್ಯಾಗ?" ಎಂದು ಕೇಳಿದರು. ನಾನು ಹಾರ್ಟ್ ಅಟ್ಯಾಕ್ ಎನ್ನಲು ಬಾಯಿ ತೆರೆದಿದ್ದೆ.

ಅವಳೇ ಹೇಳಿದಳು. "ನಶಾದಾಗ ಹೋದ್ರಿ. ಬಿಡಬೇಕಂತ ಬಹಳ ಮಾಡಿದ. ಆಗಲಿಲ್ಲ."

ಆ ಹೆಂಗಸು ಅವಳ ಕೈ ಹಿಡಿದುಕೊಂಡು, ಊಟಕ್ಕೆ ಕರೆಯುವವರೆಗೂ ಹಾಗೆಯೇ ಕೂತಿದ್ದರು.