ಗೋಮಾಳದ ಬೆರಕೆಸೊಪ್ಪು

೨೦೦೬ರ ಸೆಪ್ಟೆಂಬರ್ ೧೯, ಮಂಗಳವಾರ. ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮೊದಲು. ನೆನಪನ್ನು ಪೂರ್ತಿ ನಂಬದೆ ಆ ವರ್ಷದ ಪಂಚಾಂಗವನ್ನು ತೆಗೆದು ನೋಡಿದ್ದೇನೆ. ಆದರೆ ಅಣ್ಣೆಸೊಪ್ಪು ಬೇಯುವ ವಾಸನೆಗೆ ಪಂಚಾಂಗ ಬೇಕಿಲ್ಲ. ಅದು ನನ್ನನ್ನು ನೇರವಾಗಿ ಸರ್ಜಾಪುರದ ಕಡೆಯ ನಮ್ಮೂರಿನ ಗೋಮಾಳಕ್ಕೆ, ಬಾಲ್ಯಕ್ಕೆ ಒಯ್ಯುತ್ತದೆ. ಭಾದ್ರಪದದ ಮಳೆ ಹಿಂದೆ ಸರಿದಾಗ ಅಲ್ಲಿ ಹುಲ್ಲು ನನ್ನ ಎದೆಮಟ್ಟ ಬೆಳೆದಿರುತ್ತಿತ್ತು. ತುಂಬೆ ಬಿಳಿಯಾಗಿ, ತಂಗಡಿ ಹಳದಿಯಾಗಿ ಅರಳಿ, ಹೆಜ್ಜೆಯಿಟ್ಟಲ್ಲೆಲ್ಲ ಮಿಡತೆ ಚಿಮ್ಮುತ್ತಿತ್ತು. ಚಿಕ್ಕಮ್ಮ ಮಡಿಲಿಗೆ ಅಣ್ಣೆ, ಗೋಣಿ, ಕನ್ನೆ ಸೊಪ್ಪುಗಳ ಕುಡಿಯನ್ನಷ್ಟೇ ಚಿವುಟುತ್ತಿದ್ದಳು. ಬೀಜ ಕಟ್ಟಿದ ಗಿಡಕ್ಕೆ ನಾನು ಕೈ ಹಾಕಿದರೆ, "ಬುಡ್ಲಾ ಅದ್ನ, ಬುರ್ಲಿಹಕ್ಕಿ ಏನ್ ನಿಮ್ಮಪ್ಪನ ಮನೆಗ್ ಊಟಕ್ ಬತ್ತದಾ?" ಎಂದು ಗದರುತ್ತಿದ್ದಳು.

ಆ ಮಂಗಳವಾರ, ನಾನು ನಿವೃತ್ತನಾಗಿ ಊರಿಗೆ ಹೋಗಿದ್ದಾಗ, ಸ್ಥಳ ಪರಿಶೀಲನೆಗೆ ಇಬ್ಬರು ಅಧಿಕಾರಿಗಳು ಬಂದರು. ಗೋಮಾಳ ಊರಿನ ಉಪಯೋಗದಲ್ಲಿದೆ ಎಂದು ಅವರು ಬರೆದರೆ ನೆಲ ಉಳಿಯುತ್ತಿತ್ತು. ಇಲ್ಲವಾದರೆ ಟೆಕ್ ಪಾರ್ಕಿಗೆ ಹೋಗುತ್ತಿತ್ತು. ಅರ್ಜಿ ಬರೆಯೋಣವೆಂದು ನಾನೆಂದೆ. ಮುಪ್ಪಾಗಿದ್ದ ಚಿಕ್ಕಮ್ಮ ಕೇಳಲಿಲ್ಲ. "ಉಂಡ್ ನೋಡ್ಲಿ, ಅವ್ರಿಗೇ ಗೊತ್ತಾಯ್ತದೆ" ಎಂದು ಒಲೆ ಹಚ್ಚಿದಳು. ಬಂದವರಿಗೆ ಉಣ್ಣಿಸದೆ ಕಳಿಸುವ ಮನೆ ಅದಾಗಿರಲಿಲ್ಲ.

ಮುದ್ದೆಯ ಮೇಲೆ ಮಸ್ಸೊಪ್ಪು ಬಿತ್ತು. ಹಿರಿಯ ಅಧಿಕಾರಿ ಬೆರಳು ನೆಕ್ಕಿ ಕೇಳಿದರು: "ಸಕ್ಕತ್ತಾಗಿದೆ ಕಣಮ್ಮ! ಯಾವ ಸಂತೇಲಿ ತಂದ್ರಿ?"

"ಸಂತೆ ಯಾಕ್ ಸಾಮಿ? ಬೆಳಗ್ಗೆ ನೀವು ನಿಂತಿದ್ರಲ್ಲಾ, ನಿಮ್ ಬೂಟ್ಸಿನ್ ಪಕ್ಕದಾಗೇ ಕಿತ್ಕಂಡ್ ಬಂದೆ. ಇನ್ನೊಂದ್ ಸೌಟು ಆಕ್ಲಾ?"

ಎಲ್ಲರೂ ನಕ್ಕರು. ಅವರು ತಟ್ಟೆ ಮುಂದೆ ಹಿಡಿದರು. ಚಿಕ್ಕಮ್ಮ ಗೆದ್ದವಳಂತೆ ನನ್ನತ್ತ ನೋಡಿದಳು.

ಮರುವರ್ಷ ಭಾದ್ರಪದಕ್ಕೆ ಗೋಮಾಳದ ಸುತ್ತ ಗೋಡೆ ಎದ್ದಿತ್ತು. ಗೋಡೆಯಾಚೆ ಜೆಸಿಬಿಯ ಸದ್ದು ಕೇಳುತ್ತ ಚಿಕ್ಕಮ್ಮ ಮಾತು ಕಡಿಮೆ ಮಾಡಿದಳು. ಅಂಗಡಿಯ ಸೊಪ್ಪನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಈಗ ಅವಳಿಲ್ಲ, ಆ ಅಡುಗೆಮನೆಯೂ ಇಲ್ಲ. ಆ ಜಾಗದಲ್ಲಿ ಬಾಡಿಗೆ ಕೋಣೆಗಳ ಕಟ್ಟಡವಿದೆ.

ಪರಿಶೀಲನಾ ವರದಿಯ ಪ್ರತಿಯನ್ನು ಆಮೇಲೆ ಪಡೆದು ಓದಿದೆ. "ಬರಡು ನೆಲ. ಯಾವ ಸಸ್ಯವೂ ಕಂಡುಬಂದಿಲ್ಲ. ಗ್ರಾಮಸ್ಥರ ಉಪಯೋಗದಲ್ಲಿಲ್ಲ." ದಿನಾಂಕವನ್ನು ಪಂಚಾಂಗದೊಡನೆ ಹೋಲಿಸಿದೆ, ಅದೇ ಮಂಗಳವಾರ. ದಾಖಲೆಯನ್ನು ನಂಬುವುದಾದರೆ, ಚಿಕ್ಕಮ್ಮ ಅಂದು ಅವರಿಗೆ ಎರಡು ಸಲ ಬಡಿಸಿದ ಸೊಪ್ಪು ಎಲ್ಲಿಯೂ ಬೆಳೆದಿರಲಿಲ್ಲ.