ಹುಕ್ಕ ಹಚ್ಚೋದೊಂದ ಉಳದದ

ಮಸ್ಕಿಯಲ್ಲಿ ರಸ್ತೆ ಅಗಲ ಮಾಡಲು ಅಂಗಡಿ ಸಾಲನ್ನು ಕೆಡವಿದ ದಿನ, ನನ್ನ ಅಕ್ಕ ತನ್ನ ಹೊಲಿಗೆ ಅಂಗಡಿಯ ಎದುರು ಗಿರಾಕಿಗಳ ಹುಕ್ಕು ಹಾಕದ ಬ್ಲೌಸುಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಭಾವ ತೀರಿಕೊಂಡ ಮೇಲೆ ಹಾಕಿದ ಅಂಗಡಿ ಅದು. ನೋಟಿಸು ಮೊದಲೇ ಬಂದಿತ್ತು, ಮಷೀನನ್ನು ಮನೆಗೆ ಸಾಗಿಸಿಯೂ ಆಗಿತ್ತು. ಆದರೂ ಬುಲ್ಡೋಜರ್ ಪಕ್ಕದ ಅಂಗಡಿಗೆ ಬಂದಾಗ ಅವಳಿಗೆ ಕಿವಿಯೇ ಕೇಳಿಸದಂತಾಯಿತಂತೆ. ಅಷ್ಟರಲ್ಲಿ ಊರ ಸುದ್ದಿಯ ವಿಡಿಯೋ ಮಾಡುವವನೊಬ್ಬ ಬಂದು ಮೈಕು ಹಿಡಿದ.

"ಅಕ್ಕಾರ, ಹೆಂಗ ಅನಸಾಕತ್ತೈತ್ರಿ?"

ಅವನನ್ನು ಗಿರಾಕಿ ಎಂದುಕೊಂಡಳೋ ಏನೋ. "ನಾಳಿ ಬರ್ರಿ. ಹುಕ್ಕ ಹಚ್ಚೋದೊಂದ ಉಳದದ," ಎಂದಳು. ಅದೇ ಕ್ಷಣಕ್ಕೆ ಅವಳ ಬೆನ್ನ ಹಿಂದೆ ಗೋಡೆ ಬೋರ್ಡಿನ ಸಮೇತ ಕುಸಿಯಿತು. ಅವಳು ತಿರುಗಿಯೂ ನೋಡಲಿಲ್ಲ.

ನಾನು ಆ ವಿಡಿಯೋವನ್ನು ಮೊದಲು ನೋಡಿದ್ದು ಸಿಂಧನೂರಿನ ನನ್ನ ಆಫೀಸಿನಲ್ಲಿ, ಊಟದ ಹೊತ್ತಿಗೆ. ಸಹೋದ್ಯೋಗಿಯೊಬ್ಬರು ಫೋನು ಚಾಚಿದರು. "ಮೇಡಂ, ಇದನ್ನ ನೋಡ್ರಿ. ನಕ್ಕು ನಕ್ಕು ಹೊಟ್ಟಿ ನೋಯಾಕತ್ತದ."

"ಇಕಿ ನಮ್ಮಕ್ಕ," ಎಂದೆ.

"ಹೌದೇನ್ರಿ? ಹಂಗಾರ ನೀವೂ ಫೇಮಸ್ ಆದ್ರಿ ಬಿಡ್ರಿ!"

ಅವರು ಕೆಟ್ಟವರೇನಲ್ಲ. ನನ್ನ ಡಬ್ಬಿಗೆ ತಮ್ಮ ಪಲ್ಯ ಹಾಕಿ ಮತ್ತೊಮ್ಮೆ ವಿಡಿಯೋ ಒತ್ತಿದರು.

ಯಾರೋ ಪ್ರಶ್ನೆಯನ್ನು ಕತ್ತರಿಸಿ ಅಕ್ಕನ ಮಾತು, ಬೀಳುವ ಗೋಡೆ ಇಷ್ಟನ್ನೇ ಉಳಿಸಿದ್ದರು. ಅರ್ಧಕ್ಕೆ ನಿಂತ ಸೇತುವೆಯ ಫೋಟೋದ ಕೆಳಗೆ ಆ ಮಾತು ಬಂತು. ಸೋಲುತ್ತಿರುವ ಕ್ರಿಕೆಟ್ ತಂಡಕ್ಕೆ, ಫೇಲಾದ ಹುಡುಗರಿಗೆ, ಮದುವೆ ಮುಂದೆ ಹೋದವರಿಗೆ, ಎಲ್ಲರಿಗೂ ಹುಕ್ಕ ಹಚ್ಚೋದೊಂದೇ ಉಳಿದಿತ್ತು. ಲಿಂಗಸುಗೂರಿನ ಕಡೆಯವರು ಅದಕ್ಕೆ ಡಿಜೆ ಸೇರಿಸಿದರು. ಮುದಗಲ್ಲಿನಲ್ಲಿ ನಮ್ಮದೇ ನೆಂಟರ ಮದುವೆ ಮೆರವಣಿಗೆ ಅಕ್ಕನ ದನಿಗೆ ಕುಣಿಯಿತು. ನಾನು ಮದುವೆಯ ಊಟ ಮಾಡದೆ ಬಸ್ಸು ಹತ್ತಿದೆ.

ಅಕ್ಕನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ಯಾಕ ನಗತಾರಬೇ? ನಾ ಏನ್ ಸುಳ್ಳ ಹೇಳೀನಿ? ಖರೇನ ಹುಕ್ಕ ಅಷ್ಟ ಉಳದಿತ್ತು," ಎಂದಳು.

ಮನೆಯ ಪಡಸಾಲೆಯಲ್ಲಿ ಮಷೀನು ಇಟ್ಟು ಮತ್ತೆ ಕೂತಳು. ಹೆಂಗಸರು ಬಂದರು, ಆದರೆ ಹೊಲಿಸಲು ಅರಿವೆ ತರಲಿಲ್ಲ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, "ಒಮ್ಮೆ ಅನ್ರೀ ಅಕ್ಕಾರ" ಎಂದು ಕೇಳಿ ಅನ್ನಿಸಿಕೊಂಡರು. ಅವಳ ಹಳೆಯ ಗಿರಾಕಿಗಳೂ ಬೇರೆಯವರಲ್ಲಿ ಹೊಲಿಸತೊಡಗಿದರು. ಒಬ್ಬಾಕೆ ಮುಖದ ಮೇಲೇ ಹೇಳಿದಳು: "ನಿಮ್ಮ ಕಡೆ ಹೊಲಿಯಾಕ ಕೊಟ್ರ ನಮ್ಮನಿಯಾಗ ನಗತಾರ್ರೀ."

ಲಿಂಗಸುಗೂರಿನ ಬಟ್ಟೆ ಅಂಗಡಿಯವರೊಬ್ಬರು ಹೊಸ ಅಂಗಡಿಯ ಉದ್ಘಾಟನೆಗೆ ಕರೆದರು. ಹೊಲಿಗೆ ಕೆಲಸ ಕೊಡಬಹುದೆಂದು ಅಕ್ಕ ತಾನು ಹೊಲಿದ ಚಂದದ ಬ್ಲೌಸೊಂದನ್ನು ಚೀಲದಲ್ಲಿಟ್ಟುಕೊಂಡಳು. ನಾನೂ ಜೊತೆಗೆ ಹೋದೆ. ಶಾಲು ಹೊದಿಸಿ ಕೈಗೆ ಮೈಕು ಕೊಟ್ಟರು. ಅವಳು ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಆದರೂ ಆ ಮಾತನ್ನೇ ಅಂದಳು. ಜನ ಶಿಳ್ಳೆ ಹಾಕಿದರು. ಆಮೇಲೆ ಕೆಲಸದ ಮಾತೆತ್ತಿದಾಗ ಮಾಲೀಕರು, "ಇಲ್ಲಿ ಎಲ್ಲಾ ರೆಡಿಮೇಡ್ ಅದಾವಮ್ಮ," ಎಂದು ನಕ್ಕರು. ಬ್ಲೌಸು ಚೀಲದಿಂದ ಹೊರಗೆ ಬರಲೇ ಇಲ್ಲ.

ಪರಿಚಯದ ವಕೀಲರನ್ನು ಕೇಳಿದೆ. "ಒಬ್ಬಾಂವ ಆದ್ರ ಕೇಸ್ ಹಾಕಬಹುದು. ಊರಿಗೂರ ನಕ್ಕರ ಯಾರ ಮ್ಯಾಲ ಹಾಕತೀರಿ? ಮತ್ತ ಬೈದಿಲ್ಲ, ಬಡದಿಲ್ಲ," ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ನಂತರ ಎಲ್ಲಿಯದೋ ಮೇಕೆಯ ವಿಡಿಯೋ ಬಂತು. ಜನ ಅಕ್ಕನನ್ನು ಮರೆತರು. ಮರೆತರೆ ಗಿರಾಕಿಗಳು ತಿರುಗಿ ಬರುತ್ತಾರೆ ಎಂದು ನಾನು ಕಾದಿದ್ದೆ. ಯಾರೂ ಬರಲಿಲ್ಲ.

ಈಗ ಅಕ್ಕ ದಢೇಸುಗೂರಿನ ಕಡೆಯ ಅಕ್ಕಿ ಗಿರಣಿಯಲ್ಲಿ ತೌಡು ತುಂಬುತ್ತಾಳೆ. ಧೂಳಿಗೆ ಎಲ್ಲರೂ ಮೂಗು ಬಾಯಿಗೆ ಅರಿವೆ ಕಟ್ಟಿಕೊಳ್ಳುತ್ತಾರೆ, ಯಾರ ಗುರುತೂ ಸಿಗುವುದಿಲ್ಲ. "ಅದೊಂದು ಛಲೋ ಆಗ್ಯಾದ ನೋಡು," ಎಂದಳು ಒಮ್ಮೆ. ಈಚೆಗೆ ನನ್ನ ಮಗಳಿಗೊಂದು ಲಂಗ ಹೊಲಿದುಕೊಡು ಎಂದು ಅರಿವೆ ಒಯ್ದಿದ್ದೆ. ಅವಳು ಅದನ್ನು ಮುಟ್ಟಲಿಲ್ಲ.

"ಕಣ್ಣ ಕಾಣವಲ್ಲವು. ಅಂಗಡ್ಯಾಗ ತಗೋ."

ಅವಳ ಕಣ್ಣುಗಳು ಚೆನ್ನಾಗಿಯೇ ಇವೆ. ಆಗ ತಾನೇ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಅರಿವೆಯನ್ನು ಚೀಲಕ್ಕೆ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.