ಕನ್ನಡಕದ ಕಾಕನ ತಾತ್ಸಾರ

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಕನ್ನಡಕದ ಗಾಜಿನ ಅಂಚನ್ನು ಸಾಣೆಚಕ್ರಕ್ಕೆ ಹಿಡಿದು ಹಿಡಿದು ಆ ಬೆರಳಿನ ತುದಿ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಉಗುರು ಒಂದು ಬದಿಗೆ ಸವೆದು ಓರೆಯಾಗಿತ್ತು. ಈ ಕೊಲ್ಲಿ ದೇಶದಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ನವೀಕರಿಸಲು ಹೋದಾಗಲೆಲ್ಲ ಬೆರಳಚ್ಚಿನ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. "ಮೆಷಿನಿನ ಪ್ರಕಾರ ನಾನು ಹುಟ್ಟಲೇ ಇಲ್ಲ ಸಿಸ್ಟರೇ. ಒಂದು ರೀತಿಯಲ್ಲಿ ಒಳ್ಳೇದು. ಹುಟ್ಟದವನನ್ನು ಊರಿನವರ ಸಭೆಗೆ ಬನ್ನಿ ಅಂತ ಯಾರೂ ಕರೆಯುದಿಲ್ಲ," ಎನ್ನುತ್ತಿದ್ದರು.

ಮೈದಾನ್ ಹವಲ್ಲಿಯಲ್ಲಿ, ಎರಡು ದಿನಸಿ ಅಂಗಡಿಗಳ ನಡುವೆ ಸಿಕ್ಕಿಕೊಂಡಿದ್ದ ಕಿರಿದಾದ ಕನ್ನಡಕದ ಅಂಗಡಿ ಅವರದು. ಬಂಟ್ವಾಳದ ಕಡೆಯ ಬ್ಯಾರಿ. ನಮ್ಮ ಕರಾವಳಿಯವರೆಲ್ಲ ಅವರನ್ನು ಕನ್ನಡಕದ ಕಾಕ ಎನ್ನುತ್ತಿದ್ದರು. ನಾನು ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್, ಜಾಬ್ರಿಯಾದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನರ್ಸ್.

ಅವರನ್ನು ಕಾಣುವ ಮೊದಲೇ ನನಗೆ ಅವರ ಬಗ್ಗೆ ಅಸಡ್ಡೆಯಿತ್ತು. ಕಾಕ ಸಾವಿರ ವರ್ಷದ ಹಿಂದಿನ ವಿಜ್ಞಾನದ ವಿಷಯ ಮಾತಾಡುತ್ತಾರೆ ಎಂದು ಯಾರೋ ಹೇಳಿದ್ದರು. ಅಂಥವರನ್ನು ನಾನು ಸಾಕಷ್ಟು ಕಂಡಿದ್ದೆ. ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು, ನಮ್ಮ ಗ್ರಂಥದಲ್ಲೇ ಇತ್ತು ಎಂದು ಹೇಳಿ, ಮರುದಿನ ಜೇನುತುಪ್ಪ ಬಿಟ್ಟುಕೊಂಡ ಕಣ್ಣನ್ನು ಕೆಂಡದಂತೆ ಮಾಡಿಕೊಂಡು ನಮ್ಮ ಕ್ಲಿನಿಕ್ಕಿಗೆ ಬರುವ ಜನ. ಈ ಕಾಯಿಲೆಯಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಂಬ ಭೇದವಿಲ್ಲ.

ಓದುವ ಕನ್ನಡಕ ಮಾಡಿಸಲು ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಕಣ್ಣಿನ ನರ್ಸ್ ಎಂದು ಹೇಳಿಕೊಂಡದ್ದೇ ತಪ್ಪಾಯಿತು.

"ಹಾಗಾದ್ರೆ ಹೇಳಿ. ಕಣ್ಣಿನಿಂದ ಬೆಳಕು ಹೊರಗೆ ಹೋಗಿ ವಸ್ತುವನ್ನು ಮುಟ್ಟುದಾ, ಹೊರಗಿನ ಬೆಳಕು ಕಣ್ಣಿಗೆ ಬರುದಾ?"

"ಇದು ಶಾಲೆಯ ಮಕ್ಕಳಿಗೂ ಗೊತ್ತು. ಹೊರಗಿಂದ ಬರುವುದು."

"ಗೊತ್ತಿರುದು ಬೇರೆ. ನೋಡಿದ್ದೀರಾ?"

ಎದ್ದು ಶಟರ್ ಪೂರ್ತಿ ಎಳೆದು ದೀಪ ಆರಿಸಿದರು. ಶಟರಿನಲ್ಲಿ ಒಂದು ಸಣ್ಣ ತೂತಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಹಿಂದಿನ ಬಿಳಿ ಗೋಡೆಯ ಮೇಲೆ ಹೊರಗಿನ ಇಡೀ ಬೀದಿ ತಲೆಕೆಳಗಾಗಿ ಕಾಣಿಸಿತು. ಬಸ್ಸೊಂದು ಚಕ್ರ ಮೇಲೆ ಮಾಡಿಕೊಂಡು ಹಾದುಹೋಯಿತು.

"ಸಾವಿರ ವರ್ಷದ ಹಿಂದೆ ಒಬ್ರು ಇಂಥದೇ ಕತ್ತಲೆ ಕೋಣೆಯಲ್ಲಿ, ದೀಪಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೇ ಮುಚ್ಚಿ ತೆರೆದು ನೋಡಿದ್ರು. ಗ್ರೀಸಿನ ದೊಡ್ಡ ದೊಡ್ಡವರು ಕಣ್ಣಿನಿಂದ ಬೆಳಕು ಹೋಗ್ತದೆ ಅಂತ ಬರೆದಿಟ್ಟಿದ್ರು. ಇವರು ದೊಡ್ಡವರ ಮಾತು ಅಂತ ಒಪ್ಪಿಕೊಳ್ಳಲಿಲ್ಲ. ಪರೀಕ್ಷೆ ಮಾಡಿದ್ರು. ಕೆಲಸ ಮಾಡಿದ್ದು ಕೈರೋದಲ್ಲಿ, ಹುಟ್ಟಿದ್ದು ಬಸ್ರಾದಲ್ಲಿ. ಬಸ್ರಾ ಇಲ್ಲಿಂದ ಎಷ್ಟು ದೂರ ಗೊತ್ತುಂಟಾ? ಮಂಗಳೂರಿಂದ ಬೈಂದೂರಿನಷ್ಟು. ನಮ್ಮವರಿಗೆ ಅವರ ಹೆಸರು ಬೇಕು, ಭಾಷಣಕ್ಕೆ. ಪರೀಕ್ಷೆ ಬೇಡ."

ಇದೆಲ್ಲ ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದೆ. ಊರಿನ ಮದ್ರಸದಲ್ಲಿ ಅರಬಿ ಓದಲು ಕಲಿತಿದ್ದರು, ಅರ್ಥ ಗೊತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಸಿಕ್ಕ ಕಫೀಲ್, ಅಂದರೆ ಅವರನ್ನು ಕೆಲಸಕ್ಕೆ ಕರೆಸಿಕೊಂಡ, ಕಾಗದದ ಪ್ರಕಾರ ಅಂಗಡಿಯ ಒಡೆಯ, ಒಬ್ಬ ನಿವೃತ್ತ ಮಾಸ್ತರರು. ಅವರಿಗೆ ದೃಷ್ಟಿ ಹೋಗುತ್ತಾ ಬಂದಾಗ ಈ ಹುಡುಗನನ್ನು ಕೂರಿಸಿ ಹಳೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿಕೊಂಡರು. ಓದಿದ್ದರ ಅರ್ಥ ಹೇಳಿದರು. ಹೀಗೆ ಹನ್ನೊಂದು ವರ್ಷ. "ಮೊದಲು ನಾನು ಗಿಣಿ. ಆಮೇಲೆ ಸ್ವಲ್ಪ ಮನುಷ್ಯ ಆದೆ. ಊರಲ್ಲಿ ಇನ್ನೂ ಗಿಣಿಗಳಿಗೇ ಮರ್ಯಾದೆ," ಎಂದರು. ಮಾತು ಮುಗಿಸಿ ಶಟರ್ ಅರ್ಧ ಎಳೆದು ಸಂಜೆಯ ಅಸರ್ ನಮಾಜಿಗೆ ಹೊರಟರು. ಅದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

ಅವರ ನಾಲಿಗೆ ಎಷ್ಟು ಹರಿತ ಎಂದು ಕಂಡದ್ದು ಒಂದು ಶುಕ್ರವಾರ, ಕರಾವಳಿಯವರ ಸ್ನೇಹಕೂಟದಲ್ಲಿ. ನಮ್ಮ ಸ್ನೇಹಕೂಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅರ್ಧ ಜನ ವೇದಿಕೆಯ ಮೇಲೆ ಇರುತ್ತಾರೆ, ಉಳಿದ ಅರ್ಧ ಜನ ಅವರಿಗೆ ಶಾಲು ಹೊದಿಸುತ್ತಾರೆ, ಎಲ್ಲರ ಕಣ್ಣೂ ಬಿರಿಯಾನಿಯ ಮೇಲೆ. ಆ ದಿನ ಹೊರಗಿನಿಂದ ಒಬ್ಬ ಮುಸ್ಲಿಂ ಭಾಷಣಕಾರರನ್ನು ಕರೆಸಿದ್ದರು. ಮಿರುಗುವ ಸೂಟು. ಇಂದಿನ ವಿಜ್ಞಾನ ಕಂಡುಹಿಡಿದದ್ದೆಲ್ಲ ಗ್ರಂಥದಲ್ಲಿ ಮೊದಲೇ ಇದೆ, ಹಿಂದಿನ ವಿದ್ವಾಂಸರು ಅದನ್ನು ಅಲ್ಲಿಂದಲೇ ತೆಗೆದರು ಎಂದು ಒಂದು ಗಂಟೆ ಗುಡುಗಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಕಾಕ ಎದ್ದರು.

"ಒಂದು ಸಣ್ಣ ಪ್ರಶ್ನೆ ಸಾರ್. ನೀವು ದಿನಾ ಅದನ್ನು ಓದ್ತೀರಿ, ನಾನೂ ಓದ್ತೇನೆ. ಮುಂದಿನ ವರ್ಷ ಎಂತ ಕಂಡುಹಿಡೀತಾರೆ ಅಂತ ಈಗಲೇ ಹೇಳಿ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಭಾಷಣಕಾರರು ನಕ್ಕಂತೆ ಮಾಡಿ, ಇಂಥ ಪ್ರಶ್ನೆಗಳು ನಂಬಿಕೆ ಕಮ್ಮಿ ಇದ್ದವರಿಗೆ ಬರುತ್ತವೆ ಎಂದರು.

"ನಂಬಿಕೆ ನನಗೆ ಅಲ್ಲಾಹುವಿನ ಮೇಲೆ ಉಂಟು. ನಿಮ್ಮ ಮೇಲೆ ಇಲ್ಲ. ಇನ್ನೊಂದು. ಆ ವಿದ್ವಾಂಸರು ನಮ್ಮವರು ಅಂತ ಇಷ್ಟು ಹೊತ್ತು ಹೇಳಿದ್ರಲ್ಲ, ಅವರಲ್ಲಿ ಕೆಲವರ ಕಿತಾಬು ಸುಟ್ಟದ್ದು ಯಾರು? ನಮ್ಮವರೇ. ಅವರು ಬದುಕಿದ್ದಾಗ ನೀವಿದ್ದಿದ್ರೆ ಬೆಂಕಿಪೆಟ್ಟಿಗೆ ನಿಮ್ಮ ಕೈಯಲ್ಲೇ ಇರ್ತಿತ್ತು."

ಮೈಕು ಬೇರೆಡೆಗೆ ಹೋಯಿತು. ಆ ಮೇಲೆ ಎರಡು ತಿಂಗಳು ಅಂಗಡಿಗೆ ಊರಿನವರ ಸುಳಿವಿಲ್ಲ. ನಾನು ಅಯ್ಯೋ ಎಂದರೆ, "ಅಕ್ಷರ ಕಾಣದೆ ಇದ್ದಾಗ ಬರ್ತಾರೆ. ಸಿಟ್ಟು ಇರುದು ಮೂವತ್ತೊಂಬತ್ತು ವರ್ಷದವರೆಗೆ ಮಾತ್ರ. ನಲ್ವತ್ತಕ್ಕೆ ಎಲ್ಲರಿಗೂ ಕನ್ನಡಕ ಬೇಕು," ಎಂದರು.

ಬೇರೆಯವರ ಮೂರ್ಖತನಕ್ಕೆ ನಗುತ್ತಾ ಕೂತಿದ್ದ ನನ್ನ ಮನೆಗೇ ಅದು ಬಂತು.

ನನ್ನ ಗಂಡನಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಸೊರಗುವ ಕಾಯಿಲೆ. ನೋವಿಲ್ಲ, ಹೋದ ದೃಷ್ಟಿ ಮರಳಿ ಬರುವುದೂ ಇಲ್ಲ. ದಿನವೂ ತಪ್ಪದೆ ಹನಿ ಹಾಕಿದರೆ ಉಳಿದದ್ದು ಉಳಿಯುತ್ತದೆ, ಅಷ್ಟೇ. ಆ ವರ್ಷ ಮಹಬೂಲಾದ ಒಂದು ಫ್ಲ್ಯಾಟಿನಲ್ಲಿ ನಮ್ಮವರು ಕೆಲವರು ಪ್ರಾರ್ಥನಾಕೂಟ ಶುರು ಮಾಡಿದರು. ಅದಕ್ಕೆ ಬರುತ್ತಿದ್ದ ಬೋಧಕನನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಚರ್ಚಿನ ಪಾದ್ರಿಗಳು ಎಂದೂ ಆಡದ ಮಾತನ್ನು ಆ ಮನುಷ್ಯ ಕಣ್ಣು ಮುಚ್ಚಿ, ಜೇನಿನಂಥ ಸ್ವರದಲ್ಲಿ ಆಡುತ್ತಿದ್ದ: ಔಷಧಿಯ ಬಾಟಲಿ ಹಿಡಿದ ಕೈ ದೇವರ ಕೈಯನ್ನು ಹಿಡಿಯಲಾರದು. ನನ್ನ ಗಂಡ ಹನಿ ನಿಲ್ಲಿಸಿದರು. ಫ್ರಿಜ್ಜಿನ ಬಾಗಿಲಲ್ಲಿದ್ದ ಬಾಟಲಿಯ ಸೀಲು ಒಡೆಯದೆ ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ದಿನಕ್ಕೆ ನಲ್ವತ್ತು ಕಣ್ಣಿಗೆ ಹನಿ ಹಾಕುವ ನಾನು ಫ್ರಿಜ್ಜಿನ ಬಾಗಿಲು ಮುಚ್ಚಿ ಸುಮ್ಮನಾದೆ. ಕೇಳಿದರೆ ಜಗಳವಾಗುತ್ತದೆ, ಕೂಟದ ಹೆಂಗಸರು ನನ್ನನ್ನು ವಿಶ್ವಾಸವಿಲ್ಲದವಳು ಎನ್ನುತ್ತಾರೆ. ಜೊತೆಗೆ, ಯಾರಿಗೆ ಗೊತ್ತು, ಪವಾಡ ಆದರೂ ಆಗಬಹುದು. ನಾನು ಯಾರನ್ನಾದರೂ ಮನಸಾರೆ ಹೀನೈಸಿದ್ದರೆ ಅದು ಆ ನಾಲ್ಕು ತಿಂಗಳ ನನ್ನನ್ನೇ.

ಕನ್ನಡಕದ ನಂಬರು ಸರಿಯಿಲ್ಲ ಎಂದು ಗಂಡ ಹಟ ಹಿಡಿದಾಗ ಕಾಕನ ಅಂಗಡಿಗೆ ಕರೆದುಕೊಂಡು ಹೋದೆ. ಒಳಗೆ ಬರುವಾಗಲೇ ಅವರ ಬಲ ಭುಜ ಬಾಗಿಲಿಗೆ ಬಡಿಯಿತು. ಕಾಕ ಅದನ್ನು ನೋಡಿದರು. ನಂಬರು ನೋಡುವ ಬದಲು ಒಂದು ರಟ್ಟಿನಿಂದ ಗಂಡನ ಎಡಗಣ್ಣು ಮುಚ್ಚಿಸಿ, "ನನ್ನ ಮೂಗನ್ನೇ ನೋಡಿ ಸಾಹೇಬ್ರೇ," ಎಂದು ತಮ್ಮ ಕೈಯನ್ನು ಬದಿಗೆ ಚಾಚಿ ಬೆರಳು ಆಡಿಸಿದರು.

"ಎಷ್ಟು ಬೆರಳು?"

"ಎಲ್ಲಿ ಬೆರಳು?" ಎಂದರು ನನ್ನ ಗಂಡ.

ಕೈಯನ್ನು ಇನ್ನೂ ಒಳಗೆ ತಂದರು. ಮತ್ತೂ ಒಳಗೆ. ಮುಖದ ಎದುರಿಗೆ ಬಂದ ಮೇಲೆ ಗಂಡ, "ಎರಡು," ಎಂದರು. ಕಾಕ ರಟ್ಟು ಕೆಳಗಿಟ್ಟು ನನ್ನತ್ತ ತಿರುಗಿದರು.

"ಡ್ರಾಪ್ಸ್ ಹಾಕುದಿಲ್ವಾ?"

ನನ್ನ ಗಂಡನೇ ತಲೆ ಎತ್ತಿ, "ಗುಣ ಮಾಡುವವನು ದೇವರು, ಔಷಧಿ ಅಲ್ಲ ಅಂತ ನಮ್ಮ ಕೂಟದ ಬ್ರದರ್ ಹೇಳಿದ್ದಾರೆ," ಎಂದರು.

"ಇದು ಹಳೇ ಮಾತು ಸಾಹೇಬ್ರೇ. ಒಂಬೈನೂರು ವರ್ಷದ ಹಿಂದೆ ನಮ್ಮಲ್ಲಿ ಇದೇ ಜಗಳ ಆಗಿದೆ. ಬೆಂಕಿ ಮುಟ್ಟಿದಾಗ ಹತ್ತಿಯನ್ನು ಸುಡುದು ಬೆಂಕಿಯಲ್ಲ, ಅಲ್ಲಾಹು ಅಂತ ಒಬ್ಬ ದೊಡ್ಡ ಆಲಿಂ, ಧರ್ಮಪಂಡಿತರು, ಬರೆದ್ರು. ಬೆಂಕಿಗೆ ಸುಡುವ ಗುಣ ಇಲ್ಲ ಅಂದ್ರೆ ಬುದ್ಧಿಗೆ ಕೆಲಸವೇ ಇಲ್ಲ ಅಂತ ಸ್ಪೇನಿನ ಒಬ್ಬ ಕಾಜಿ ಉತ್ತರ ಬರೆದ್ರು. ಇಬ್ಬರೂ ನಮಾಜು ಮಾಡುವವರೇ. ಯಾರು ಸರಿ ಅಂತ ಹೇಳುವಷ್ಟು ದೊಡ್ಡವ ನಾನಲ್ಲ. ಆದ್ರೆ ಕೇಳಿ, ಆ ಮೊದಲಿನವರೂ ತಮ್ಮ ಹತ್ತಿಯ ಹಾಸಿಗೆಯನ್ನು ಒಲೆಯ ಮೇಲೆ ಹಾಸಿ ಮಲಗಲಿಲ್ಲ! ಅಷ್ಟು ಬುದ್ಧಿ ಅವರಿಗಿತ್ತು. ನಿಮ್ಮ ಆ ಬ್ರದರ್ ಕನ್ನಡಕ ಹಾಕ್ತಾನಾ?"

"ಹಾಕ್ತಾರೆ," ಎಂದೆ ನಾನು.

"ಅವನ ಕಣ್ಣಿಗೆ ಗಾಜು, ನಿಮ್ಮ ಕಣ್ಣಿಗೆ ಪ್ರಾರ್ಥನೆ!" ಕಾಕ ರಟ್ಟನ್ನು ಡ್ರಾಯರಿಗೆ ಎಸೆದರು. "ಖಲಾಸ್. ಇವರಿಗೆ ನಾನು ಕನ್ನಡಕ ಮಾರುದಿಲ್ಲ. ಈಗಲೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಮತ್ತೆ ನೀವು ಸಿಸ್ಟರೇ, ಇವರಿಗಾದ್ರೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು."

ಬಲಗಣ್ಣು ಬಹುಪಾಲು ಹೋಗಿತ್ತು. ಎಡಗಣ್ಣಿಗೆ ಹೆಚ್ಚು ಪೆಟ್ಟು ಬಿದ್ದಿರಲಿಲ್ಲ. ಇನ್ನೆರಡು ತಿಂಗಳು ಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ ಎಂದರು ನಮ್ಮ ಡಾಕ್ಟರು.

ಅರುವತ್ತು ದಾಟಿದ, ಡಿಗ್ರಿ ಇಲ್ಲದವರ ಇಕಾಮಾ ನವೀಕರಣ ಕಷ್ಟವಾದಾಗ ಕಾಕ ಅಂಗಡಿ ಬಿಟ್ಟುಕೊಟ್ಟು ಊರಿಗೆ ಹೊರಟರು. ನಾನು ಬಲ್ಲ ಅತಿ ದೊಡ್ಡ ವಿದ್ಯಾವಂತನ ಕಾಗದದಲ್ಲಿ ವಿದ್ಯಾಭ್ಯಾಸ ಎಂದಿದ್ದ ಜಾಗದಲ್ಲಿ ಏಳನೇ ತರಗತಿ ಎಂದಿತ್ತು. ನಮ್ಮ ಸ್ನೇಹಕೂಟದವರಿಗೆ ಒಂದು ಶಾಲು ಕೂಡ ಮಿಕ್ಕಿರಲಿಲ್ಲ.

ಅವರು ಹೋದ ಮೇಲೆ ಒಂದು ದಿನ ಕೂಟದವರು ಮನೆಗೆ ಬಂದರು. ಬ್ರದರ್ ಮತ್ತೆ ಬರುತ್ತಿದ್ದಾರೆ, ಗಂಡನ ಎಡಗಣ್ಣು ಉಳಿದದ್ದಕ್ಕೆ ಎಲ್ಲರ ಮುಂದೆ ಸಾಕ್ಷಿ ಹೇಳಬೇಕು ಎಂದರು. ನನ್ನ ಗಂಡ ಮೆತ್ತನೆಯ ಮನುಷ್ಯ, ಇಲ್ಲ ಎನ್ನಲಾಗದೆ ಒಪ್ಪಿದರು. ಫ್ಲ್ಯಾಟು ತುಂಬಿತ್ತು. ಬ್ರದರ್ ಗಂಡನ ತಲೆಯ ಮೇಲೆ ಕೈಯಿಟ್ಟು, ಈ ಕಣ್ಣನ್ನು ಪ್ರಾರ್ಥನೆ ಉಳಿಸಿತು ಎಂದ. ಎಲ್ಲರೂ ಹಾಲೆಲೂಯಾ ಎಂದರು. ನಾನು ಎದ್ದು ನಿಂತೆ.

"ಎಡಗಣ್ಣು ಪ್ರಾರ್ಥನೆಯಿಂದ ಉಳಿದದ್ದಾದರೆ ಬಲಗಣ್ಣು ಹೋದದ್ದು ಯಾವುದರಿಂದ ಬ್ರದರ್? ಪ್ರಾರ್ಥನೆ ಎರಡಕ್ಕೂ ಒಂದೇ ಮಾಡಿದ್ದು. ಹನಿ ನಿಲ್ಲಿಸಿ ಅಂದವರು ನೀವು. ಸುಮ್ಮನಿದ್ದವಳು ನಾನು. ಉಳಿದ ಕಣ್ಣನ್ನು ಉಳಿಸಿದ್ದು ಮೈದಾನ್ ಹವಲ್ಲಿಯ ಒಬ್ಬ ಬ್ಯಾರಿ ಕಾಕ."

ಬ್ರದರ್ ಕನ್ನಡಕ ತೆಗೆದು ಒರೆಸಿಕೊಂಡ. ನನ್ನ ಗಂಡ ಮೆಲ್ಲನೆ ಎದ್ದು, ಬಲಗಡೆ ಕಾಣದ್ದಕ್ಕೆ ನನ್ನ ಮೊಣಕೈ ಹಿಡಿದು, "ಹೋಗುವ," ಎಂದರು. ಆ ಕೂಟಕ್ಕೆ ನಾವು ಮತ್ತೆ ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಮರುದಿನ ಊರಿಗೆ ಫೋನ್ ಮಾಡಿ ಕಾಕನಿಗೆ ಎಲ್ಲವನ್ನೂ ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ.

"ಎಂತ ಸಿಸ್ಟರೇ ನೀವು! ನನ್ನನ್ನು ಯಾಕೆ ಹೇಳಿದ್ದು? ಡ್ರಾಪ್ಸ್ ಉಳಿಸಿದ್ದು ಅಂತ ಹೇಳ್ಬೇಕಿತ್ತು. ಇವರ ಬುದ್ಧಿ ನಿಮಗೆ ಗೊತ್ತಿಲ್ವಾ? ನಾಳೆ ನನ್ನ ಗೋರಿಗೆ ಹಸಿರು ಬಟ್ಟೆ ಹೊದಿಸಿ, ಕಣ್ಣಿನ ಕಾಕ ಅಂತ ಬೋರ್ಡು ಹಾಕಿ, ಒಂದು ಕಾಣಿಕೆ ಡಬ್ಬಿ ಇಡ್ತಾರೆ."

ಅದು ನಾನು ಅವರಿಂದ ತಿಂದ ಕೊನೆಯ ಬೈಗುಳ. ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹೃದಯಾಘಾತ. ಬೆಳಗಿನ ನಮಾಜಿಗೆ ಎದ್ದವರು ಹಾಗೆಯೇ ಕುಸಿದರಂತೆ. ಸ್ನೇಹಕೂಟದ ಅಧ್ಯಕ್ಷರು ಕೂಡಲೇ ಒಂದು ಉದ್ದನೆಯ ಸಂತಾಪ ಹಾಕಿದರು: ಆಧುನಿಕ ವಿಜ್ಞಾನವೆಲ್ಲ ನಮ್ಮ ಗ್ರಂಥದಲ್ಲೇ ಇದೆ ಎಂದು ತೋರಿಸಿಕೊಟ್ಟ ಮಹಾನ್ ಚಿಂತಕ. ಅದರ ಕೆಳಗೆ ಮುಗಿದ ಕೈಗಳ ಸಾಲೇ ಸಾಲು. ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಅದರ ಬದಲು ಬರೆದೆ: ಕಾಕ ಹೇಳಿದ್ದು ಇದಕ್ಕೆ ತದ್ವಿರುದ್ಧ. ಆ ಸಭೆಯಲ್ಲಿ ನೀವೂ ಇದ್ದಿರಿ.

ಗಂಟೆ ಎಂಟಾಗಿತ್ತು. ಗಂಡ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕಾಯುತ್ತಿದ್ದರು. ಕೈ ತೊಳೆದು ಬಂದು ಮೊದಲು ಅವರ ಕಣ್ಣಿಗೆ ಹನಿ ಹಾಕಿದೆ. ಆಮೇಲೆ ಕಾಕನಿಗಾಗಿ ಪ್ರಾರ್ಥಿಸಲು ಮೊಣಕಾಲೂರಿದೆ.